ಜಾಕೆಟ್ ಹಾಕಿಕೊಂಡೇ ಕೂತಿದ್ದೆ, ಆದರೂ ನಡುಗಿದ್ದೇಕೆ?

ಪ್ರಶ್ನೆ: ಡಾಕ್ಟ್ರೇ, ನನಗೆ 41 ವರ್ಷ, ಫುಟ್‌ಬಾಲ್ ಹುಚ್ಚು ಜಾಸ್ತಿ. ಕಳೆದ ತಿಂಗಳು ಅಪ್ಪ ಮತ್ತು 8 ವರ್ಷದ ಮಗಳ ಜೊತೆ ಪಂದ್ಯ ನೋಡಲು ಹೋಗಿದ್ದೆ. 5 ಡಿಗ್ರಿ ಚಳಿ, ಜೋರು ಗಾಳಿ, ಬಿಡದೆ ಸುರಿಯುವ ಸೋನೆ ಮಳೆ. ನಮ್ಮ ಸೀಟಿನ ಮೇಲೆ ಛಾವಣಿ ಇರಲಿಲ್ಲ, ಕೊಡೆಯನ್ನು ಗೇಟಿನಲ್ಲೇ ಇಡಿಸಿಕೊಂಡರು. ನಾನೇನೂ ಕಮ್ಮಿ ಬಟ್ಟೆ ಹಾಕಿರಲಿಲ್ಲ: ಬನಿಯನ್, ಟೀ ಶರ್ಟ್, ದಪ್ಪ ಕಾಟನ್ ಹೂಡಿ, ಮೇಲೆ ವಾಟರ್‌ಪ್ರೂಫ್ ಅಂತ ಬರೆದಿರುವ ಜಾಕೆಟ್, ಜೀನ್ಸ್, ಎರಡು ಜೊತೆ ಸಾಕ್ಸ್, ಕ್ಯಾನ್ವಾಸ್ ಶೂ. ಮೊದಲರ್ಧ ಹೇಗೋ ಕಳೆಯಿತು. ಆಮೇಲೆ ಗಡಗಡ ನಡುಕ. ಪಾದ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಎರಡು ಬೆರಳು ಪೂರ್ತಿ ಬೆಳ್ಳಗಾಗಿ, ಮನೆಗೆ ಬಂದ ಮೇಲೆ ಕೆಂಪಾಗಿ ಉರಿದವು. ಜಾಕೆಟ್ ತೆಗೆದರೆ ಒಳಗೂ ಒದ್ದೆ. ಜಾಕೆಟ್ಟೇ ಕಳಪೆಯಾ? ತಲೆ ಮುಚ್ಚಿಕೊಂಡರೆ ಅರ್ಧ ಚಳಿ ಹೋಗುತ್ತೆ ಅಂತಾರೆ, ನಿಜವಾ? ಗೆಳೆಯರು ಒಂದು ಪೆಗ್ ಹಾಕಿಕೊಂಡು ಬಾ ಅಂತಾರೆ. ಮಳೆಯಲ್ಲಿ ಕೂರಿಸಿ ಮಗೂಗೆ ನೆಗಡಿ ತರಿಸಿದೆ ಅಂತ ಮನೆಯಲ್ಲಿ ಬೈಗುಳ ಬೇರೆ. ಅಪ್ಪನಿಗೆ 69, ಬಿಪಿ ಮಾತ್ರೆ ತಗೊಳ್ತಾರೆ. ಮುಂದಿನ ಪಂದ್ಯಕ್ಕೆ ಅವರನ್ನು ಕರೆದುಕೊಂಡು ಹೋಗಬಹುದಾ? ಏನು ಹಾಕಿಕೊಂಡು ಹೋಗಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಬಟ್ಟೆಗಳ ಪಟ್ಟಿ ಓದುತ್ತಿದ್ದಂತೆಯೇ ಅರ್ಧ ಉತ್ತರ ಸಿಕ್ಕಿಬಿಟ್ಟಿತು. ಪಂದ್ಯದ ದಿನ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಕೂರುವ ನಾನು ನೋಡುವುದು ನಿಮ್ಮಂಥವರನ್ನೇ. ಬಟ್ಟೆ ಕಮ್ಮಿ ಹಾಕಿ ಬಂದವರಲ್ಲ, ಬೇಕಾದಷ್ಟು ಹಾಕಿ ನಡುಗುತ್ತಾ ಬರುವವರು. ಹೂಡಿ ಹಿಂಡಿದರೆ ನೀರು ಇಳಿಯುತ್ತಿರುತ್ತದೆ, "ಆದರೂ ಜಾಕೆಟ್ ಹಾಕಿದ್ದೆ ಡಾಕ್ಟ್ರೇ" ಅನ್ನುತ್ತಾರೆ.

ನಿಮ್ಮ ಚಿಂತೆಯನ್ನು ಒಂದು ಸಾಲಿಗೆ ಇಳಿಸಿದರೆ ಇಷ್ಟು: ಇಷ್ಟೊಂದು ಬಟ್ಟೆ ಹಾಕಿಯೂ ಚಳಿ ಯಾಕೆ, ಮತ್ತು ಇದು ಸುಮ್ನೆ ಕಿರಿಕಿರಿಯಾ ಅಥವಾ ಅಪಾಯವಾ. ಎರಡಕ್ಕೂ ಉತ್ತರ ಒಂದೇ ಕಡೆಯಿಂದ ಶುರುವಾಗುತ್ತದೆ. ನೀವು ಆಡುತ್ತಿಲ್ಲ, ನೋಡುತ್ತಿದ್ದೀರಿ.

ಸುಮ್ಮನೆ ಕೂತ ದೊಡ್ಡವರ ದೇಹ ಹೊರಗೆ ಬಿಡುವ ಶಾಖ ಸುಮಾರು 100 ವ್ಯಾಟ್. ಹಳೇ ಕಾಲದ ಒಂದು ಬಲ್ಬಿನಷ್ಟು, ಅಷ್ಟೇ. ಅದೇ ಮೈದಾನದಲ್ಲಿ ಓಡುವ ಆಟಗಾರ ಅದರ ಹತ್ತು ಪಟ್ಟಿನ ಆಸುಪಾಸಿನಲ್ಲಿ ಶಕ್ತಿ ಸುಡುತ್ತಿರುತ್ತಾನೆ. ಅವನು ಚಡ್ಡಿ ಹಾಕಿಕೊಂಡು ಮಳೆಯಲ್ಲಿ ಬೆವರುತ್ತಾನೆ, ನೀವು ನಾಲ್ಕು ಪದರ ಹಾಕಿ ನಡುಗುತ್ತೀರಿ. ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಚಳಿಗೆ ಬಟ್ಟೆ ಹೇಗೆ ಹಾಕಬೇಕು ಅಂತ ಸಿಗುವ ಸಲಹೆಗಳಲ್ಲಿ ಬಹುಪಾಲು ಬೆಟ್ಟ ಹತ್ತುವವರಿಗೆ, ಓಡುವವರಿಗೆ, ಸೈಕಲ್ ತುಳಿಯುವವರಿಗೆ ಬರೆದದ್ದು. ಅವರ ದೊಡ್ಡ ತಲೆನೋವು ಬೆವರು. ನಿಮ್ಮದು ಬೇರೆ. ಆಟ 90 ನಿಮಿಷ, ಮಧ್ಯೆ 15 ನಿಮಿಷ ವಿರಾಮ, ಮೇಲಷ್ಟು ಹೆಚ್ಚುವರಿ ಸಮಯ. ಮೊದಲೇ ಹೋಗಿ ಕೂತು, ಮುಗಿದ ಮೇಲೆ ಜನಸಂದಣಿಯಲ್ಲಿ ಹೊರಗೆ ಬರುವ ಹೊತ್ತಿಗೆ ಮೂರು ಗಂಟೆ. ಅಷ್ಟೂ ಹೊತ್ತು ಆ 100 ವ್ಯಾಟ್ ಬಿಟ್ಟರೆ ನಿಮಗೆ ಬೇರೆ ಒಲೆ ಇಲ್ಲ.

ಈಗ ಆ ಶಾಖ ಎಲ್ಲಿ ಹೋಯಿತು ನೋಡೋಣ.

ಬಟ್ಟೆಗೆ ಬಿಸಿ ಅನ್ನುವುದು ಇರುವುದಿಲ್ಲ. ಅದರ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ ಇರುತ್ತದಲ್ಲ, ಮೈಯನ್ನು ಬೆಚ್ಚಗಿಡುವುದು ಅದು. ಬಟ್ಟೆ ಒದ್ದೆಯಾದರೆ ಗಾಳಿಯ ಜಾಗಕ್ಕೆ ನೀರು ಬಂದು ಕೂರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು, ಆ ನೀರು ಆವಿಯಾಗುವುದಕ್ಕೂ ನಿಮ್ಮ ಮೈಯಿಂದಲೇ ಶಾಖ ಕೀಳುತ್ತದೆ. ಒಂದು ಲೆಕ್ಕ ಹೇಳುತ್ತೇನೆ. ಹೂಡಿ ಮತ್ತು ಜೀನ್ಸ್ ಸೇರಿ ಕಾಲು ಲೀಟರ್ ನೀರು ಕುಡಿದಿವೆ ಅಂದುಕೊಳ್ಳಿ, ನಿಮ್ಮ ವಿಷಯದಲ್ಲಿ ಇದು ಕಮ್ಮಿ ಅಂದಾಜೇ. ಅಷ್ಟನ್ನು ಮೈಶಾಖದಿಂದ ಒಣಗಿಸಲು ಸುಮಾರು 600 ಕಿಲೋಜೌಲ್ ಬೇಕು. 100 ವ್ಯಾಟ್ ಲೆಕ್ಕದಲ್ಲಿ ಅದು 100 ನಿಮಿಷದ ಶಾಖ. ಅಂದರೆ ಇಡೀ ಪಂದ್ಯದ ಹೊತ್ತು ನಿಮ್ಮ ದೇಹ ಬೇರೆ ಯಾವ ಕೆಲಸವೂ ಇಲ್ಲದೆ ಆ ಬಟ್ಟೆ ಒಣಗಿಸುತ್ತಾ ಕೂರಬೇಕು. ಅಷ್ಟರಲ್ಲಿ ಮಳೆ ಮತ್ತೆ ನೆನೆಸುತ್ತಿರುತ್ತದೆ.

ಇದಕ್ಕೆ ಗಾಳಿ ಸೇರಿದರೆ? 5 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು 0 ಡಿಗ್ರಿಯಷ್ಟು ತಣ್ಣಗೆ ತಾಗುತ್ತದೆ. ಹವಾಮಾನದವರು ಗಾಳಿಯ ಚಳಿ ಎಂದು ಕೊಡುವ ಅಂಕಿ ಇದೇ. ಅದು ಒಣ ಚರ್ಮಕ್ಕೆ ಮಾಡಿದ ಲೆಕ್ಕ. ಒದ್ದೆ ಮೈಯನ್ನು ಆ ಸೂತ್ರ ಗಣನೆಗೇ ತೆಗೆದುಕೊಳ್ಳುವುದಿಲ್ಲ.

ಅಪಾಯದ ಮಾತು. ಒಣ ಚಳಿ ಬೇರೆ, ಒದ್ದೆ ಚಳಿ ಬೇರೆ. 2024ರ ಜನವರಿಯಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಅವರ ಬಗೆಯ ಫುಟ್‌ಬಾಲ್ ಪಂದ್ಯವೊಂದು ಸುಮಾರು ಮೈನಸ್ 20 ಡಿಗ್ರಿಯಲ್ಲಿ ನಡೆಯಿತು. ನೋಡಲು ಹೋದ ಕೆಲವರಿಗೆ ಕೈಕಾಲಿನ ಬೆರಳುಗಳು ಹೆಪ್ಪುಗಟ್ಟಿ, ಕೊನೆಗೆ ಕತ್ತರಿಸಬೇಕಾಗಿ ಬಂತು. ನಿಮ್ಮ 5 ಡಿಗ್ರಿಯಲ್ಲಿ ಹಾಗೆ ಆಗುವುದಿಲ್ಲ, ಚರ್ಮ ಹೆಪ್ಪುಗಟ್ಟಲು ತಾಪಮಾನ ಸೊನ್ನೆಗಿಂತ ಕೆಳಗೆ ಇಳಿಯಲೇಬೇಕು. ಅದಕ್ಕೇ ಜನ 5 ಡಿಗ್ರಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಮೈನಸ್ 20ಕ್ಕೆ ಹೆದರಿ ಎಲ್ಲವನ್ನೂ ಹೊದ್ದು ಹೋಗುವವರೇ 5 ಡಿಗ್ರಿ ಮಳೆಗೆ ಜೀನ್ಸ್ ಹಾಕಿಕೊಂಡು ಹೋಗುತ್ತಾರೆ. ಆದರೆ ದೇಹದ ಒಳಗಿನ ತಾಪಮಾನ 37ರಿಂದ 35ಕ್ಕಿಂತ ಕೆಳಗೆ ಜಾರುವ ಸ್ಥಿತಿ, ನಾವು ಹೈಪೋಥರ್ಮಿಯಾ ಅನ್ನುತ್ತೇವೆ, ಅದಕ್ಕೆ ಹಿಮ ಬೇಕಿಲ್ಲ. ಒದ್ದೆ ಬಟ್ಟೆ, ಗಾಳಿ, ಕದಲದೆ ಕೂರುವುದು, ಇವು ಸೇರಿದರೆ 10 ಡಿಗ್ರಿಯಲ್ಲೂ ಆಗಬಹುದು. ಪಾದದ ಕಥೆಯೂ ಹಾಗೇ. ಗಂಟೆಗಟ್ಟಲೆ ಒದ್ದೆ, ತಣ್ಣನೆ ಶೂನಲ್ಲಿದ್ದ ಪಾದದ ನರ, ರಕ್ತನಾಳಗಳಿಗೆ ಪೆಟ್ಟಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿ ನಿಂತ ಸೈನಿಕರನ್ನು ಸಾವಿರಗಟ್ಟಲೆ ಕಾಡಿದ್ದು ಇದೇ ಕಾಯಿಲೆ, ಅದಕ್ಕೂ ಹೆಪ್ಪುಗಟ್ಟುವ ಚಳಿ ಬೇಕಿರಲಿಲ್ಲ. ಒಂದು ಪಂದ್ಯಕ್ಕೆ ನಿಮ್ಮ ಪಾದ ಹಾಳಾಗುತ್ತದೆ ಅಂತ ಹೆದರಿಸುತ್ತಿಲ್ಲ. ಆದರೆ ಬೆಚ್ಚಗಾದ ಮೇಲೂ ಮರುದಿನದವರೆಗೆ ಜೋಮು, ಉರಿ, ಊತ ಹೋಗದಿದ್ದರೆ ತೋರಿಸಿಕೊಳ್ಳಿ.

ಈಗ ನಿಮ್ಮ ಜಾಕೆಟ್. ಕಳಪೆ ಅಂತ ನನಗನ್ನಿಸುವುದಿಲ್ಲ. ನೀರು ಒಳಗೆ ಬಂದ ದಾರಿಗಳನ್ನು ಒಂದೊಂದಾಗಿ ನೋಡಿ. ಹೂಡಿಯ ಟೋಪಿ ಜಾಕೆಟ್ಟಿನ ಹೊರಗೆ ಬೆನ್ನ ಮೇಲೆ ಬಿದ್ದಿತ್ತು ಅಲ್ವಾ? ಬಹುತೇಕ ಎಲ್ಲರೂ ಹಾಗೇ ಬಿಡುತ್ತಾರೆ. ಆ ಕಾಟನ್ ಟೋಪಿ ಮಳೆನೀರು ಹೀರಿ, ದೀಪದ ಬತ್ತಿ ಎಣ್ಣೆ ಎಳೆಯುವ ಕ್ರಮದಲ್ಲೇ ಕುತ್ತಿಗೆಯಿಂದ ಒಳಗೆ, ಬೆನ್ನಿನವರೆಗೂ ನೀರು ಎಳೆದುಬಿಡುತ್ತದೆ. ಮುಂಗೈ ಹತ್ತಿರ ಜಾಕೆಟ್ಟಿನಿಂದ ಹೊರಗೆ ಇಣುಕುವ ತೋಳೂ ಅದೇ ಕೆಲಸ ಮಾಡುತ್ತದೆ. ಜಾಕೆಟ್ ಎಷ್ಟೇ ಒಳ್ಳೆಯದಿರಲಿ, ಈ ಕಾಟನ್ ಸೇತುವೆ ಇರುವವರೆಗೂ ಒಳಗೆ ಒದ್ದೆಯೇ.

ಎರಡನೆಯದು ತೊಡೆ. ಜಾಕೆಟ್ ಸೊಂಟಕ್ಕೆ ಮುಗಿಯುತ್ತದೆ. ನಿಂತಾಗ ನೀರು ನೆಲಕ್ಕೆ ಸೋರಿಹೋಗುತ್ತದೆ, ಕೂತಾಗ ನೇರ ತೊಡೆಯ ಮೇಲೆ ಬಂದು ನಿಲ್ಲುತ್ತದೆ. ಜೀನ್ಸ್ ಅದನ್ನು ಸಂತೋಷವಾಗಿ ಕುಡಿಯುತ್ತದೆ, ಅಲ್ಲಿಂದ ಮೇಲೆ ಹೂಡಿಯ ಅಂಚಿಗೂ ಹಂಚುತ್ತದೆ. ಮೂರನೆಯದು, ಇದನ್ನು ಯಾರೂ ಹೇಳುವುದಿಲ್ಲ, ಆ ನೀರಿನಲ್ಲಿ ಸ್ವಲ್ಪ ನಿಮ್ಮದೇ. ಪಾರ್ಕಿಂಗ್‌ನಿಂದ ಸರಸರ ನಡೆದು, ಮೆಟ್ಟಿಲು ಹತ್ತಿ, ನಾಲ್ಕು ಪದರದೊಳಗೆ ಬೆವರಿರುತ್ತೀರಿ. ಗೋರ್‌ಟೆಕ್ಸ್ ತರಹದ ಪೊರೆ ಇರುವ ಜಾಕೆಟ್ ಬೆವರಿನ ಆವಿಯನ್ನು ಹೊರಗೆ ಬಿಡುತ್ತದೆ ನಿಜ, ಆದರೆ ಹೊರಗಿನ ಬಟ್ಟೆ ನೆನೆದು ತೊಪ್ಪೆಯಾದರೆ ಆವಿಗೆ ದಾರಿ ಇರುವುದಿಲ್ಲ. ಅದು ತಣ್ಣನೆ ಒಳಮೈಗೆ ತಾಗಿ ನೀರಾಗುತ್ತದೆ. ಜನ ಜಾಕೆಟ್ ಸೋರುತ್ತಿದೆ ಅಂದುಕೊಳ್ಳುತ್ತಾರೆ.

ಲೇಬಲ್ ಮೇಲೆ 5,000 ಮಿ.ಮೀ., 10,000 ಮಿ.ಮೀ. ಅಂತ ಬರೆದಿರುತ್ತಾರಲ್ಲ, ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಬಟ್ಟೆ ಸೋರುವುದಿಲ್ಲ ಅಂತ ಅರ್ಥ. ಮೇಲಿಂದ ಬೀಳುವ ಮಳೆಗೆ ಸಣ್ಣ ಅಂಕಿಯೂ ಸಾಕು. ಒದ್ದೆ ಬೆಂಚಿನ ಮೇಲೆ ಮೈಭಾರ ಹಾಕಿ ಕೂತರೆ ಒತ್ತಡವೇ ಬೇರೆ, ಅಲ್ಲಿ ಸಾಧಾರಣ ಬಟ್ಟೆ ಸೋಲುತ್ತದೆ. ಹಾಗಾಗಿ ಅಂಕಿ ನೋಡಿ ದುಡ್ಡು ಸುರಿಯುವ ಮೊದಲು ಕೂರುವ ಜಾಗಕ್ಕೆ ಏನಾದರೂ ಹಾಸಿ.

ಹಾಗಾದರೆ ಏನು ಹಾಕಬೇಕು? ಮೈಗೆ ತಾಗುವ ಪದರದಲ್ಲಿ ಕಾಟನ್ ಬೇಡ. ತೆಳು ಉಣ್ಣೆಯ ಅಥವಾ ಪಾಲಿಯೆಸ್ಟರ್ ಥರ್ಮಲ್ ಇರಲಿ, ಮೇಲೂ ಕೆಳಗೂ. ಪಾಲಿಯೆಸ್ಟರ್ ಎಳೆ ನೀರು ಹೀರುವುದೇ ಇಲ್ಲ ಅನ್ನಬಹುದು, ತೂಕದ ಶೇ. 1ಕ್ಕಿಂತ ಕಮ್ಮಿ, ಬೇಗ ಒಣಗುತ್ತದೆ. ಉಣ್ಣೆಯ ಗುಣ ಇನ್ನೂ ಚೆಂದ. ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಎಳೆಯೊಳಗೆ ಹಿಡಿದಿಟ್ಟುಕೊಂಡೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಒದ್ದೆಯಾದ ಮೇಲೂ ಅಂಟಿಕೊಂಡು ಚಪ್ಪಟೆ ಆಗುವುದಿಲ್ಲ. ತೊಂದರೆ ಅಂದರೆ ಬೆಲೆ ಜಾಸ್ತಿ, ಕೆಲವರಿಗೆ ತುರಿಕೆ. ನನ್ನನ್ನು ಕೇಳಿದರೆ ಇದ್ದ ದುಡ್ಡನ್ನು ಜಾಕೆಟ್ ಬದಲು ಉಣ್ಣೆಯ ಒಳಬಟ್ಟೆಗೆ ಹಾಕಿ ಅನ್ನುತ್ತೇನೆ.

ಅದರ ಮೇಲೆ ಫ್ಲೀಸ್ (ಪಾಲಿಯೆಸ್ಟರ್‌ನ ಮೆತ್ತನೆ, ಜುಂಗು ಬಟ್ಟೆ) ಅಥವಾ ಉಣ್ಣೆ ಸ್ವೆಟರ್. ಅದರ ಮೇಲೆ, ನೀವು ಬಿಟ್ಟುಬಿಟ್ಟಿದ್ದ ಪದರ: ಒಂದು ದಪ್ಪ, ಉಬ್ಬಿದ ಜಾಕೆಟ್. ನಡೆಯುವವರಿಗೆ ಇದು ಬೇಡ, ಕೂರುವವರಿಗೆ ಇದೇ ಮುಖ್ಯ. ಒಳಗೆ ಪಾಲಿಯೆಸ್ಟರ್ ತುಂಬಿದ್ದೇ ಇರಲಿ. ಹಕ್ಕಿಯ ಪುಕ್ಕ ತುಂಬಿದ ಡೌನ್ ಜಾಕೆಟ್ ಒಣ ಚಳಿಗೆ ರಾಜ, ಹಗುರ, ಬೆಚ್ಚಗೆ, ಆದರೆ ನೆನೆದರೆ ಪುಕ್ಕವೆಲ್ಲ ಮುದ್ದೆಯಾಗಿ ಚಪ್ಪಟೆಯಾಗುತ್ತದೆ, ಆಮೇಲೆ ಅದು ಒಂದು ಒದ್ದೆ ಚೀಲ. ಮನೆಯಲ್ಲಿ ಅದೇ ಇದ್ದರೆ ಹಾಕಿಕೊಳ್ಳಿ, ಮೇಲೆ ನೀರು ತಾಗದಂತೆ ನೋಡಿಕೊಳ್ಳಿ ಅಷ್ಟೇ.

ಎಲ್ಲಕ್ಕಿಂತ ಹೊರಗೆ ಏನು? ಇಲ್ಲಿ ನನ್ನ ಅಭಿಪ್ರಾಯ ಟ್ರೆಕ್ಕಿಂಗ್ ಗೆಳೆಯರಿಗೆ ಇಷ್ಟವಾಗುವುದಿಲ್ಲ. ಕೂತು ನೋಡುವವರಿಗೆ ಗಾಳಿಯಾಡುವ ದುಬಾರಿ ಜಾಕೆಟ್‌ಗಿಂತ ದೊಗಳೆಯಾದ, ಮೊಣಕಾಲು ದಾಟುವ, ಟೋಪಿ ಇರುವ ಪ್ಲಾಸ್ಟಿಕ್ ಅಥವಾ ರಬ್ಬರ್ ಲೇಪದ ಪಾಂಚೋ ಮೇಲು. ಅದರಿಂದ ಬೆವರಿನ ಆವಿ ಹೊರಗೆ ಹೋಗುವುದಿಲ್ಲ ಅಂತ ದೂರು. ನೀವು ಬೆವರುವುದೇ ಇಲ್ಲವಲ್ಲ! ಅಗಲವಾಗಿರುವುದರಿಂದ ಒಳಗೆ ಗಾಳಿ ಆಡುತ್ತದೆ, ದಪ್ಪ ಜಾಕೆಟ್ ಹಿಂಡಿದಂತಾಗುವುದಿಲ್ಲ, ಕೂತಾಗ ತೊಡೆ, ಮಡಿಲು, ಚೀಲ ಎಲ್ಲಾ ಮುಚ್ಚುತ್ತದೆ. ಪಾರದರ್ಶಕವಾದದ್ದು ತೆಗೆದುಕೊಂಡರೆ ತಂಡದ ಜೆರ್ಸಿಯೂ ಕಾಣುತ್ತದೆ, ಆ ಆಸೆ ನನಗೂ ಗೊತ್ತು. ಅದಕ್ಕೂ ಎರಡು ತೊಂದರೆ ಇದೆ. ಗಾಳಿಗೆ ಹಾರಿ ಮುಖಕ್ಕೆ ಬಡಿಯುತ್ತದೆ, ಸೊಂಟಕ್ಕೊಂದು ದಾರ ಅಥವಾ ಬೆಲ್ಟ್ ಕಟ್ಟಿದರೆ ನಿಲ್ಲುತ್ತದೆ. ತೀರಾ ತೆಳುವಾದ ಒಂದು ದಿನದ ಪಾಂಚೋ ಮೊದಲ ಗೋಲಿಗೆ ಕೈ ಎತ್ತಿದಾಗಲೇ ಕಂಕುಳಲ್ಲಿ ಹರಿಯುತ್ತದೆ, ಇನ್ನೊಂದು ಜೇಬಿನಲ್ಲಿರಲಿ. ಇನ್ನು ಕೊಡೆ: ಹಿಂದಿನವರಿಗೆ ಆಟ ಕಾಣುವುದಿಲ್ಲ, ತುದಿ ಕಣ್ಣಿಗೆ ಚುಚ್ಚಬಹುದು, ಆದ್ದರಿಂದ ಎಷ್ಟೋ ಸ್ಟೇಡಿಯಂಗಳಲ್ಲಿ ಬಿಡುವುದಿಲ್ಲ. ಫ್ಲಾಸ್ಕ್, ದೊಡ್ಡ ಚೀಲಗಳ ನಿಯಮವೂ ಜಾಗಕ್ಕೊಂದು ತರಹ. ಟಿಕೆಟ್ ಜೊತೆ ಬರುವ ನಿಯಮ ಓದಿಕೊಂಡು ಹೋಗಿ.

ಕಾಲಿಗೆ ಜೀನ್ಸ್ ಬಿಡಿ. ಥರ್ಮಲ್ ಮೇಲೆ ಯಾವುದಾದರೂ ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್, ಅದರ ಮೇಲೆ ರೇನ್‌ಕೋಟ್ ಜೊತೆ ಬರುವ ಪ್ಯಾಂಟ್. ಚೆನ್ನಾಗಿ ಕಾಣುವುದಿಲ್ಲ ಅನ್ನುವುದು ನಿಜ.

ಜಾಸ್ತಿ ಪದರ ಅಂದರೆ ಜಾಸ್ತಿ ಬೆಚ್ಚಗೆ ಅನ್ನುವುದೂ ಪೂರ್ತಿ ಸರಿಯಲ್ಲ. ಪದರಗಳು ಒಂದನ್ನೊಂದು ಒತ್ತಿದರೆ ನಡುವಿನ ಗಾಳಿಯೇ ಹೋಗಿಬಿಡುತ್ತದೆ. ಇದಕ್ಕೆ ಒಳ್ಳೆಯ ಸಾಕ್ಷಿ ನಿಮ್ಮ ಎರಡು ಜೊತೆ ಸಾಕ್ಸ್. ಅದೇ ಅಳತೆಯ ಶೂನಲ್ಲಿ ಎರಡು ಸಾಕ್ಸ್ ತುರುಕಿದರೆ ಪಾದ ಬಿಗಿಯಾಗಿ ರಕ್ತ ಓಡಾಟವೇ ಕಮ್ಮಿಯಾಗುತ್ತದೆ. ರಕ್ತ ಬಂದರೆ ತಾನೇ ಶಾಖ ಬರುವುದು? ಒಂದೇ ಜೊತೆ ದಪ್ಪ ಉಣ್ಣೆ ಸಾಕ್ಸ್, ಬೆರಳು ಒಳಗೆ ಆರಾಮವಾಗಿ ಆಡುವಷ್ಟು ದೊಡ್ಡ, ನೀರು ನುಗ್ಗದ, ದಪ್ಪ ಅಟ್ಟೆಯ ಶೂ. ಕ್ಯಾನ್ವಾಸ್ ಶೂ ಮಳೆಗೆ ಹಾಕುವುದೂ ಒಂದೇ, ಬರಿಗಾಲಲ್ಲಿ ಹೋಗುವುದೂ ಒಂದೇ. ಬೇರೆ ಶೂ ಇಲ್ಲದಿದ್ದರೆ ಒಣ ಸಾಕ್ಸ್ ಹಾಕಿ, ಅದರ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಸುತ್ತಿ, ಆಮೇಲೆ ಶೂ ಹಾಕಿ. ಮೂರು ಗಂಟೆಗೆ ಪರವಾಗಿಲ್ಲ. ಕಾಲು ಸ್ವಲ್ಪ ಬೆವರಿದರೂ ಮಳೆನೀರಿಗಿಂತ ವಾಸಿ. ಮೆಟ್ಟಿಲಲ್ಲಿ ಒಳಗೆ ಜಾರಬಹುದು, ಹುಷಾರು.

ಪಾದದ ಇನ್ನೊಂದು ಶತ್ರು ಕಾಂಕ್ರೀಟ್. ಅದು ದಿನವಿಡೀ ತಣ್ಣಗಾಗಿ, ನಿಮ್ಮ ಅಟ್ಟೆಯಿಂದ ಶಾಖ ಹೀರುತ್ತಲೇ ಇರುತ್ತದೆ. ಒಂದು ರಟ್ಟಿನ ಪೆಟ್ಟಿಗೆ ಬಿಚ್ಚಿ ಕಾಲ ಕೆಳಗೆ ಹಾಕಿ ನೋಡಿ, ವ್ಯತ್ಯಾಸ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. ಮಳೆಗೆ ರಟ್ಟು ಮೆತ್ತಗಾಗುತ್ತದೆ, ಯೋಗ ಮ್ಯಾಟ್ ತರಹದ ಫೋಮ್ ಶೀಟ್ ಇನ್ನೂ ಒಳ್ಳೆಯದು. ಎರಡು ತುಂಡು ಕತ್ತರಿಸಿಕೊಳ್ಳಿ, ಒಂದು ಕೂರಲು, ಒಂದು ಕಾಲ ಕೆಳಗೆ. ನೀರು ಹೀರುವ ಸ್ಪಂಜು ತಂದುಬಿಟ್ಟೀರಿ, ಅದು ಬೇಡ. ಇಡೀ ಪತ್ರದಲ್ಲಿ ಒಂದೇ ಒಂದು ಸಲಹೆ ಪಾಲಿಸಲು ಸಾಧ್ಯ ಅನ್ನುವುದಾದರೆ ಈ ಫೋಮ್ ತುಂಡಿನದ್ದೇ ಪಾಲಿಸಿ, ಖರ್ಚು ಏನೂ ಇಲ್ಲ ಅನ್ನುವಷ್ಟು ಕಮ್ಮಿ.

ಹಾಕುವ ಹೊತ್ತೂ ಮುಖ್ಯ. ದಪ್ಪ ಜಾಕೆಟ್ ಮನೆಯಿಂದಲೇ ಹಾಕಿಕೊಂಡು ಬರಬೇಡಿ. ಚೀಲದಲ್ಲಿ ತನ್ನಿ, ಸ್ವಲ್ಪ ಚಳಿ ಅನ್ನಿಸುವಷ್ಟು ಹಗುರವಾಗಿ ನಡೆಯಿರಿ, ಸೀಟಿಗೆ ಬಂದ ತಕ್ಷಣ, ನಡೆದ ಬಿಸಿ ಆರುವ ಮೊದಲೇ ಹಾಕಿಕೊಳ್ಳಿ. ನಡುಕ ಶುರುವಾದ ಮೇಲೆ ಹಾಕಿದರೆ ಕಳೆದುಹೋದ ಶಾಖ ವಾಪಸ್ ಬರುವುದಿಲ್ಲ, ಇರುವುದು ಉಳಿಯುತ್ತದೆ ಅಷ್ಟೇ. ಹಾಫ್ ಟೈಮಲ್ಲಿ ಎದ್ದು ಓಡಾಡಿ. ಮೆಟ್ಟಿಲು ಎರಡು ಸಲ ಹತ್ತಿ ಇಳಿದರೂ ಸಾಕು.

ತಲೆಯ ಕಥೆ ಹೇಳುತ್ತೇನೆ. ಶಾಖದಲ್ಲಿ ಅರ್ಧ ತಲೆಯಿಂದಲೇ ಹೋಗುತ್ತದೆ ಅನ್ನುವುದು ಸುಳ್ಳು. 1970ರ ಅಮೆರಿಕ ಸೇನೆಯ ಕೈಪಿಡಿಯೊಂದರಲ್ಲಿ ಶೇ. 40ರಿಂದ 45 ಅಂತ ಬರೆದಿತ್ತು, ಅಲ್ಲಿಂದ ಬಾಯಿಂದ ಬಾಯಿಗೆ ಹರಡಿತು. ದೊಡ್ಡವರಲ್ಲಿ ತಲೆ ಅಂದರೆ ಮೈಯ ಮೇಲ್ಮೈಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು, ಹೋಗುವ ಶಾಖವೂ ಹೆಚ್ಚುಕಮ್ಮಿ ಅಷ್ಟೇ. ಹಾಗಂತ ಟೋಪಿ ಬಿಟ್ಟು ಹೋಗಬೇಡಿ. ಉಳಿದೆಲ್ಲ ಮುಚ್ಚಿ ತಲೆ ಮಾತ್ರ ಬಿಟ್ಟರೆ ಇರುವ ಒಂದೇ ಕಿಟಕಿ ಅದೇ ಆಗುತ್ತದೆ. ಮುಖ, ಕಿವಿಗೆ ಚಳಿ ಬೇಗ ತಟ್ಟುವುದೂ ನಿಜ. ಉಣ್ಣೆ ಟೋಪಿ, ಅದರ ಮೇಲೆ ಪಾಂಚೋದ ಟೋಪಿ. ಕನ್ನಡಕ ಹಾಕುವವರು ಒಳಗೊಂದು ಅಂಚು ಇರುವ ಕ್ಯಾಪ್ ಹಾಕಿದರೆ ಹನಿ ಗಾಜಿನ ಮೇಲೆ ಬೀಳುವುದಿಲ್ಲ. ಮಫ್ಲರ್ ತುದಿ ಹೊರಗೆ ಬಿಡಬೇಡಿ, ಅದೂ ಬತ್ತಿಯ ಕೆಲಸ ಮಾಡುತ್ತದೆ.

ಪೆಗ್ ವಿಷಯ. ಬೆಚ್ಚಗೆ ಅನ್ನಿಸುತ್ತದೆ, ಸುಳ್ಳಲ್ಲ. ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಬಿಸಿ ರಕ್ತ ಮೇಲಕ್ಕೆ ಬರುತ್ತದೆ, ಅದೇ ಆ ಹಾಯಾದ ಅನುಭವ. ಅಂದರೆ ಒಳಗೆ ಉಳಿಸಬೇಕಾದ ಶಾಖವನ್ನು ಮಳೆಗೆ ಕೊಡುತ್ತಿದ್ದೀರಿ. ಮದ್ಯ ನಡುಕವನ್ನೂ ಕಮ್ಮಿ ಮಾಡುತ್ತದೆ. ನಡುಕ ಅಂದರೆ ದೇಹ ನಾಲ್ಕೈದು ಪಟ್ಟು ಶಾಖ ಹುಟ್ಟಿಸಿಕೊಳ್ಳುವ ಉಪಾಯ, ಅದನ್ನೂ ಆರಿಸಿದಂತಾಯಿತು. ಎಲ್ಲಕ್ಕಿಂತ ಕೆಟ್ಟದ್ದು, ಚಳಿ ಮಿತಿ ಮೀರಿದೆ ಅಂತ ತಿಳಿಯುವ ಬುದ್ಧಿಯೂ ಮಂಕಾಗುತ್ತದೆ. ನನ್ನ ಕೋಣೆಗೆ ಗೆಳೆಯರು ಹೊತ್ತು ತರುವವರಲ್ಲಿ ಕುಡಿದವರೇ ಜಾಸ್ತಿ. ಕುಡಿಯಬೇಕು ಅಂದರೆ ಮನೆಗೆ ಹೋಗಿ, ಒಣಗಿ, ಆಮೇಲೆ ಕುಡಿಯಿರಿ.

ಬಿಸಿ ಕಾಫಿ, ಟೀ, ಸೂಪ್ ಕುಡಿಯಿರಿ, ಆದರೆ ಅದರಿಂದ ಮೈ ಬಿಸಿಯಾಗುತ್ತದೆ ಅನ್ನುವ ಭ್ರಮೆ ಬೇಡ. 60 ಡಿಗ್ರಿಯ ಕಾಲು ಲೀಟರ್ ಕುಡಿದರೆ ನಿಮಗೆ ಸಿಗುವುದು ನಾಲ್ಕು ನಿಮಿಷದ ಮೈಶಾಖ ಮಾತ್ರ. ಲೋಟ ಹಿಡಿದ ಕೈ ಬೆಚ್ಚಗಾಗುತ್ತದೆ, ಮನಸ್ಸಿಗೆ ಹಿತ, ಸಕ್ಕರೆ ಇದ್ದರೆ ನಡುಗುವ ಸ್ನಾಯುಗಳಿಗೆ ಇಂಧನ. ಹೊಟ್ಟೆ ತುಂಬಾ ಊಟ ಮಾಡಿ ಬರುವುದು ಇದಕ್ಕಿಂತ ದೊಡ್ಡ ಉಪಕಾರ. ಚಳಿಯಲ್ಲಿ ಮೂತ್ರ ಜಾಸ್ತಿ ಬರುತ್ತದೆ, ಕೈಕಾಲಿನ ರಕ್ತ ಒಳಗೆ ಸರಿದು ಮೂತ್ರಪಿಂಡಕ್ಕೆ ನೀರು ಜಾಸ್ತಿ ಇದೆ ಅನ್ನಿಸುವುದರಿಂದ ಹಾಗೆ. ಅದಕ್ಕೆ ಹೆದರಿ ನೀರು ಕುಡಿಯುವುದು ಬಿಡಬೇಡಿ.

ಬೆಳ್ಳಗಾದ ಬೆರಳು. ದೇಹ ತಣ್ಣಗಾದಾಗ ಮೊದಲು ಕೈಬಿಡುವುದು ಬೆರಳುಗಳನ್ನು, ಅಲ್ಲಿಯ ರಕ್ತನಾಳ ಮುಚ್ಚಿ ಎದೆ, ಹೊಟ್ಟೆಯ ಬಿಸಿ ಕಾಪಾಡಿಕೊಳ್ಳುತ್ತದೆ. ಕೆಲವರಲ್ಲಿ ಇದು ಅತಿಯಾಗಿ ಆಗುತ್ತದೆ: ಬೆರಳು ಬೆಳ್ಳಗೆ, ಆಮೇಲೆ ನೀಲಿ, ಬೆಚ್ಚಗಾದಾಗ ಕೆಂಪಾಗಿ ಉರಿ. ರೇನೋ ತೊಂದರೆ ಅಂತ ಕರೆಯುತ್ತೇವೆ. ಬಹುಪಾಲು ನಿರಪಾಯ. ಆದರೆ ನಲವತ್ತು ದಾಟಿದ ಮೇಲೆ ಮೊದಲ ಸಲ ಕಾಣಿಸಿಕೊಂಡಿದ್ದರೆ, ಪದೇ ಪದೇ ಆದರೆ, ಒಂದೇ ಕೈಗೆ ಆದರೆ, ಬೆರಳ ತುದಿಯಲ್ಲಿ ಹುಣ್ಣು ಬಂದರೆ ಒಮ್ಮೆ ಪರೀಕ್ಷೆ ಮಾಡಿಸಬೇಕು. ನೀವು ಈ ಮೊದಲ ಗುಂಪಿಗೆ ಸೇರಿರಬಹುದು, ಆದ್ದರಿಂದ ತೋರಿಸಿಕೊಳ್ಳಿ. ಸಿಗರೇಟು ಸೇದುತ್ತಿದ್ದರೆ ಅದು ಇದನ್ನು ಕೆಡಿಸುತ್ತದೆ.

ಕೈಗೆ ಐದು ಬೆರಳಿನ ಗ್ಲೌಸ್‌ಗಿಂತ ನಾಲ್ಕೂ ಬೆರಳು ಒಟ್ಟಿಗೆ ಇರುವ ಮಿಟನ್ ಬೆಚ್ಚಗೆ. ನೆನೆದ ಉಣ್ಣೆ ಗ್ಲೌಸ್ ಬದಲಿಸಲು ಇನ್ನೊಂದು ಜೊತೆ ಇರಲಿ. ಕೈ ಬಿಸಿ ಮಾಡುವ ಪುಟ್ಟ ಪೊಟ್ಟಣಗಳು ಸಿಗುತ್ತವೆ, ಒಳಗೆ ಕಬ್ಬಿಣದ ಪುಡಿ ಗಾಳಿ ತಾಗಿ ತುಕ್ಕು ಹಿಡಿಯುತ್ತಾ ಬಿಸಿ ಕೊಡುತ್ತದೆ. ನೀರಲ್ಲಿ ನೆನೆದರೆ ಕೆಲಸ ಮಾಡುವುದಿಲ್ಲ, ಬಿಗಿ ಶೂನೊಳಗೆ ಗಾಳಿ ಸಾಲದೆ ತಣ್ಣಗಾಗುತ್ತದೆ. ನೇರ ಚರ್ಮದ ಮೇಲೆ ಇಡಬೇಡಿ, ಗಂಟೆಗಟ್ಟಲೆ ಇಟ್ಟರೆ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಮ್ಮಿ ಇರುವವರು ಶೂನೊಳಗೆ ಇಡಲೇಬಾರದು, ಸುಟ್ಟರೂ ಗೊತ್ತಾಗುವುದಿಲ್ಲ. ಮರಗಟ್ಟಿದ ಕೈಯನ್ನು ಕುದಿ ನೀರಿಗೆ, ಹೀಟರ್‌ಗೆ ಒಡ್ಡಬೇಡಿ, ಉಜ್ಜಲೂ ಬೇಡಿ. ಕಂಕುಳಲ್ಲಿ ಇಟ್ಟುಕೊಳ್ಳಿ. ಮತ್ತೆ, ಬೆರಳು ತಣ್ಣಗಿದೆ ಅಂದರೆ ಮೊದಲು ಎದೆ, ಹೊಟ್ಟೆಗೆ ಇನ್ನೊಂದು ಪದರ ಹಾಕಿ. ನಡುಭಾಗ ಬೆಚ್ಚಗಾದರೆ ರಕ್ತ ತಾನಾಗಿ ಬೆರಳಿಗೆ ಬರುತ್ತದೆ.

ಮಗಳ ನೆಗಡಿಗೆ ಬೈಸಿಕೊಂಡಿದ್ದೀರಿ. ನೆಗಡಿ ತರುವುದು ವೈರಸ್. ವೈರಸ್ ಇಲ್ಲದೆ ಎಷ್ಟು ನೆನೆದರೂ ನೆಗಡಿ ಬರುವುದಿಲ್ಲ. ಮನೆಯವರ ಮಾತಿನಲ್ಲಿ ಒಂದು ಎಳೆ ಸತ್ಯವೂ ಇದೆ, ನೆಗಡಿಯ ರೈನೋವೈರಸ್ 37ಕ್ಕಿಂತ 33 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ, ತಣ್ಣನೆ ಗಾಳಿ ಉಸಿರಾಡುವ ಮೂಗಿನ ಒಳಗೆ ಇರುವುದು ಅಂಥದ್ದೇ ವಾತಾವರಣ. ಭುಜಕ್ಕೆ ಭುಜ ತಾಗಿಸಿ ಕೂಗುವ ಜನ ವೈರಸ್ ಒದಗಿಸುತ್ತಾರೆ. ಮಗೂಗೆ ನಿಜವಾದ ಅಪಾಯ ನೆಗಡಿಯಲ್ಲ. ತೂಕಕ್ಕೆ ಹೋಲಿಸಿದರೆ ಮಕ್ಕಳ ಮೈಯ ಮೇಲ್ಮೈ ದೊಡ್ಡದು, ಬೇಗ ತಣ್ಣಗಾಗುತ್ತಾರೆ. ಆಟದ ಗುಂಗಿನಲ್ಲಿ ಹೇಳುವುದೂ ಇಲ್ಲ. ಆಗಾಗ ಕುತ್ತಿಗೆಯ ಹಿಂದೆ ಕೈ ಹಾಕಿ ನೋಡಿ, ಅಲ್ಲಿ ತಣ್ಣಗಿದ್ದರೆ ಒಳಗೆ ಕರೆದುಕೊಂಡು ಹೋಗಿ. ಗಲಾಟೆ ಮಾಡುತ್ತಿದ್ದ ಮಗು ಸುಮ್ಮನಾಯಿತು ಅಂದರೆ ಖುಷಿಪಡಬೇಡಿ.

ದೊಡ್ಡವರಲ್ಲೂ ಗಮನಿಸಬೇಕಾದ್ದು ಇದೇ ತರಹದ್ದು: ಎಡವುವುದು, ತೊದಲುವುದು, ಕೈಯಿಂದ ವಸ್ತು ಜಾರುವುದು, ಕಾರಣ ಇಲ್ಲದೆ ಗೊಣಗುವುದು. ಜೋರು ನಡುಕ ಇದೆ, ಮಾತು ಸ್ಪಷ್ಟ ಇದೆ ಅಂದರೆ ಇನ್ನೂ ಸಮಯ ಇದೆ. ಮೈ ಬೆಚ್ಚಗಾಗದೆ ನಡುಕ ನಿಂತು, ಮಂಕು ಕವಿದರೆ ಅದು ತುರ್ತು. ಸಹಾಯಕ್ಕೆ ಕರೆಯಿರಿ, ಗಾಳಿ ಇಲ್ಲದ ಕಡೆ ಒಯ್ಯಿರಿ, ಒದ್ದೆ ಬಟ್ಟೆ ತೆಗೆದು ಒಣದ್ದು ಹೊದಿಸಿ, ಎದೆ ಹೊಟ್ಟೆ ಬೆಚ್ಚಗೆ ಮಾಡಿ. ಎಚ್ಚರ ಇದ್ದು ನುಂಗಲು ಆಗುತ್ತಿದ್ದರೆ ಮಾತ್ರ ಬಿಸಿ ಸಿಹಿ ಪಾನೀಯ ಕೊಡಿ. ಕೈಕಾಲು ಉಜ್ಜಬೇಡಿ, ಬಿಸಿನೀರ ಸ್ನಾನ ಬೇಡ.

ಅಪ್ಪನನ್ನು ಕರೆದುಕೊಂಡು ಹೋಗಬಹುದು, ಷರತ್ತಿನ ಮೇಲೆ. ಚಳಿಗೆ ರಕ್ತನಾಳ ಬಿಗಿದಾಗ ಬಿಪಿ ಏರುತ್ತದೆ, ಹೃದಯಕ್ಕೆ ಕೆಲಸ ಜಾಸ್ತಿ. ವಯಸ್ಸಾದವರಿಗೆ ಚಳಿ ತಿಳಿಯುವುದೂ ತಡ, ನಡುಕವೂ ಕಮ್ಮಿ, ಹಾಗಾಗಿ "ನನಗೇನೂ ಆಗಿಲ್ಲ, ನೀನು ಆಟ ನೋಡು" ಅನ್ನುವ ಅವರ ಮಾತನ್ನು ಪೂರ್ತಿ ನಂಬಬೇಡಿ. ಅವರ ಮಾತ್ರೆ ಬೀಟಾ ಬ್ಲಾಕರ್, ಅಂದರೆ ಹೃದಯದ ಬಡಿತ ನಿಧಾನ ಮಾಡುವ ಜಾತಿಯದಾಗಿದ್ದರೆ ಕೈಕಾಲು ಇನ್ನೂ ತಣ್ಣಗಾಗಬಹುದು, ಹಾಗಂತ ಆ ದಿನಕ್ಕೆ ಮಾತ್ರೆ ತಪ್ಪಿಸಬೇಡಿ. ಈಗಾಗಲೇ ನಡೆದಾಗ ಎದೆ ಹಿಡಿದಂತೆ ಆಗುತ್ತಿದ್ದರೆ ಮೊದಲು ಅವರ ವೈದ್ಯರನ್ನು ಕೇಳಿ, ಅಲ್ಲಿಯವರೆಗೆ ಪಂದ್ಯ ಬೇಡ. ಇಲ್ಲದಿದ್ದರೆ ಛಾವಣಿಯ ಕೆಳಗಿನ ಸೀಟು ತೆಗೆದುಕೊಳ್ಳಿ, ಅದೂ ಹಿಂದಿನ ಸಾಲು. ಮುಂದಿನ ಸಾಲಿಗೆ ಛಾವಣಿ ಹೆಸರಿಗೆ ಮಾತ್ರ, ಗಾಳಿ ಮಳೆಯನ್ನು ಒಳಗೇ ತರುತ್ತದೆ. ಮೆಟ್ಟಿಲನ್ನು ನಿಧಾನವಾಗಿ ಹತ್ತಲಿ, ಮೂಗು ಬಾಯಿಗೆ ಮಫ್ಲರ್ ಇರಲಿ. ಎದೆ ಒತ್ತಿದಂತಾದರೆ, ಉಸಿರು ಕಟ್ಟಿದರೆ, ಪೆನಾಲ್ಟಿ ಹೊಡೆಯುತ್ತಿದ್ದರೂ ಕಾಯದೆ ಪ್ರಥಮ ಚಿಕಿತ್ಸೆಯ ಕೋಣೆಗೆ ಕರೆತನ್ನಿ.

ಮೂವರಿಗೂ ಒಂದೊಂದು ಜೊತೆ ಒಣ ಸಾಕ್ಸ್ ಮತ್ತು ಒಂದು ಮೇಲಂಗಿಯನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗಾಡಿಯಲ್ಲಿಡಿ. ಮುಗಿದ ತಕ್ಷಣ ಬದಲಿಸಿ, ಮನೆಗೆ ಹೋದ ಮೇಲೆ ಅಲ್ಲ.

ಜಾಕೆಟ್ ಬಿಸಾಡಬೇಡಿ. ಒಣಗಿದ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಮಣಿಯಾಗಿ ಉರುಳಿದರೆ ಲೇಪ ಚೆನ್ನಾಗಿದೆ, ಬಟ್ಟೆ ಕಪ್ಪಾಗಿ ಹೀರಿದರೆ ಲೇಪ ಸವೆದಿದೆ. ಬಟ್ಟೆ ಮೆದು ಮಾಡುವ ದ್ರವ ಹಾಕದೆ ಸೌಮ್ಯ ಸಾಬೂನಿನಲ್ಲಿ ತೊಳೆದು, ಲೇಬಲ್ ಒಪ್ಪಿದರೆ ಡ್ರೈಯರ್‌ನಲ್ಲಿ ಕಮ್ಮಿ ಬಿಸಿಗೆ ಹಾಕಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಗಲಿಲ್ಲ ಅಂದರೆ ನೀರು ತಡೆಯುವ ಸ್ಪ್ರೇ ಸಿಗುತ್ತದೆ, ಕಿಟಕಿ ತೆಗೆದಿಟ್ಟು ಹೊಡೆಯಿರಿ. ಕಾಟನ್ ಹೂಡಿ ಮಾತ್ರ ಮನೆಯಲ್ಲೇ ಇರಲಿ, ಟಿವಿಯಲ್ಲಿ ಪಂದ್ಯ ನೋಡುವ ದಿನಕ್ಕೆ ಅದು ಚೆನ್ನಾಗಿರುತ್ತದೆ.